ಪಾಲಯ್ಯನ ಉಪ್ಪುನೀರು

ಬನ್ನಿ, ಹತ್ತಿರ ಕೂತ್ಕೊಳ್ಳಿ. ನಗೋದಾದರೆ ನಗಿ, ಆದರೆ ನಮ್ಮ ಪಾಲಯ್ಯನ ಮೇಲೆ ಸಿಟ್ಟು ಮಾತ್ರ ಮಾಡ್ಕೋಬೇಡಿ.

ಬಸರಿಗುಡ್ಡದ ಹಟ್ಟಿಯಲ್ಲಿ ಓಬಕ್ಕ ಅಂತ ಒಬ್ಬ ತಾಯಿ, ಅವಳಿಗೆ ಪಾಲಯ್ಯ ಅಂತ ಒಬ್ಬನೇ ಮಗ. ಆಳು ಬಾಗಿಲುದ್ದ ಬೆಳೆದಿದ್ದ, ಬುದ್ಧಿ ಹೊಸಿಲಲ್ಲೇ ನಿಂತಿತ್ತು. ಹಟ್ಟಿಯಲ್ಲಿ ಎಲ್ಲಿ ಕೊರೆದರೂ ಬರೀ ಧೂಳು. ಸಿಹಿನೀರು ಬೇಕಾದರೆ ಗುಡ್ಡ ಹತ್ತಿ ಇಳಿದು ಆಚೆಯ ಒರತೆಗೆ ಹೋಗಬೇಕು. ಒಂದು ಸಲ ಓಬಕ್ಕ, "ಹೋಗಪ್ಪಾ, ಕೊಡ ತುಂಬ್ಸು" ಅಂತ ಕಳಿಸಿದಳು. ತುಂಬಿಸಿದ. ತುಂಬಿಸಿ, ಕೊಡ ಅಲ್ಲೇ ಬಿಟ್ಟು ಕೈಬೀಸಿಕೊಂಡು ಬಂದ. ತಾ ಅಂತ ಅವಳು ಎಲ್ಲಿ ಹೇಳಿದ್ದಳು? ಅವತ್ತಿನಿಂದ ಅವಳೇ ನಡೆದಳು. ನಡೆದು ನಡೆದು ಹಿಮ್ಮಡಿ ಬಿರಿದು ಹೋಗಿತ್ತು, ಮಂಡಿ ಮಡಚಲು ಬರುತ್ತಿರಲಿಲ್ಲ. ಇನ್ನೊಂದು ಬೇಸಿಗೆ ಈ ಗುಡ್ಡ ಹತ್ತುವುದು ತನ್ನ ಕೈಲಾಗದು ಅಂತ ಅವಳಿಗೆ ಗೊತ್ತಿತ್ತು. ತಾನು ಕೂತುಬಿಟ್ಟರೆ ಇವನಿಗೆ ನೀರು ಕೊಡುವವರು ಯಾರು?

ಹೀಗಿರುವಾಗ ನೆಲದೊಳಗಿನ ನೀರು ನೋಡುವ ವಾರಿಜಾ ಮೇಡಂ ಒಂದು ಪೆಟ್ಟಿಗೆ ಹಿಡಿದು ಬಂದರು. ಕಬ್ಬಿಣದ ಗೂಟ ನೆಡೋದು, ತಂತಿ ಕಟ್ಟೋದು, ನೆಲಕ್ಕೆ ಕರೆಂಟು ಬಿಡೋದು. ಗಟ್ಟಿ ಬಂಡೆಯಾದರೆ ಕರೆಂಟು ಮೊಂಡು ಹಿಡಿಯುತ್ತದೆ, ನೀರು ಕುಡಿದ ಬಂಡೆಯಾದರೆ ಸಲೀಸಾಗಿ ಹರಿಯುತ್ತದೆ. ಅದನ್ನು ಪೆಟ್ಟಿಗೆಯಲ್ಲಿ ನೋಡಿ ಕೊರೆಯುವ ಜಾಗ ಹೇಳುತ್ತಾರೆ. ಕೆಲಸಕ್ಕೆ ಪಾಲಯ್ಯನನ್ನು ಕರೆದರು.

"ನೆಲ ಒಣಗಿದೆ ಪಾಲಯ್ಯ, ಹೀಗಿದ್ದರೆ ಕರೆಂಟು ಒಳಗೆ ಹೋಗಲ್ಲ. ಗೂಟದ ಬುಡಕ್ಕೆಲ್ಲ ಉಪ್ಪುನೀರು ಹುಯ್ಯಿ."

ಹುಯ್ದ. ಮೇಡಂ ಗೂಟಕ್ಕೆ ಹುಯ್ದ, ಎಮ್ಮೆ ಕಟ್ಟುವ ಗೂಟಕ್ಕೆ ಹುಯ್ದ, ಮೇಕೆ ಕಟ್ಟುವ ಗೂಟಕ್ಕೂ ಹುಯ್ದ. ಸಂಜೆ ಓಬಕ್ಕ ತಲೆ ಚಚ್ಚಿಕೊಂಡಳು. "ಅಯ್ಯೋ ನನ್ನಪ್ಪಾ, ಸಿಕ್ಕ ಸಿಕ್ಕ ಗೂಟಕ್ಕಲ್ಲ ಕಣಲಾ. ತಂತಿ ಇರೋ ಗೂಟಕ್ಕೆ ಮಾತ್ರ."

"ಆಗ್ಲಿ ಕಣವ್ವ" ಅಂದ.

ಮರುದಿನ ತಂತಿ ಇರುವ ಗೂಟ ಹುಡುಕಿಕೊಂಡು ಹೊರಟ. ನೆರೆಮನೆ ತಿಪ್ಪೇಶಿಯ ಹೊಲದ ಸುತ್ತ ತಂತಿಬೇಲಿ, ಅದಕ್ಕೆ ಸಾಲಾಗಿ ಗೂಟ. ಒಂದೂ ಬಿಡಲಿಲ್ಲ. ಉಪ್ಪುನೀರು ಮುಗಿಯಿತು, ಮನೆಯ ಕುಡಿಯುವ ನೀರಿಗೆ ಉಪ್ಪು ಹಾಕಿ ಅದನ್ನೂ ತಂದು ಹುಯ್ದ. ಮೇಡಂ ನಕ್ಕರು, ಆಮೇಲೆ ಹೇಳಿದರು: "ಗೂಟ ನೋಡಿ ಹುಯ್ಯಬೇಡಪ್ಪ. ಎಲ್ಲಿ ಒಣಗಿ ಬಿರಿದಿದೆಯೋ ಅಲ್ಲಿಗೆ ಹುಯ್ಯಿ. ಆಗ ಕರೆಂಟು ಹರಿಯುತ್ತೆ."

ಓಬಕ್ಕ ನಗಲಿಲ್ಲ. ಖಾಲಿ ಕೊಡ ಎತ್ತಿಕೊಂಡು ಮತ್ತೆ ಗುಡ್ಡ ಹತ್ತಿದಳು. ಬಂದು ಉಸ್ಸಂತ ಕೂತು ಅಂದಳು, "ಬೆಲೆಬಾಳೋದನ್ನ ಹಿಂಗೆ ಬಯಲಿಗೆ ಚೆಲ್ತಾರೇನ್ಲಾ? ಮನೇಲಿ ಜೋಪಾನ ಮಾಡ್ಬೇಕು."

"ಆಗ್ಲಿ ಕಣವ್ವ."

ಕೆಲಸ ಮುಗಿದ ದಿನ ಮೇಡಂ ಬಯಲಲ್ಲಿ ಒಂದು ಕೆಂಪು ಗೂಟ ನೆಟ್ಟರು. "ನೀರಿದ್ದರೆ ಇಲ್ಲೇ. ನಿಮ್ಮವ್ವ ಇನ್ನು ಗುಡ್ಡ ಹತ್ತೋದು ಬೇಡ. ಈ ಗೂಟಕ್ಕೆ ಬೆಲೆ ಕಟ್ಟೋಕಾಗಲ್ಲ ಪಾಲಯ್ಯ" ಅಂದು ಹೊರಟರು. ಪಾಲಯ್ಯನಿಗೆ ಖುಷಿಯೋ ಖುಷಿ. ಅವ್ವನಿಗೆ ನೀರು ಕೊಡುವ ಗೂಟ ಅಂತ, ಉಳಿದಿದ್ದ ಉಪ್ಪುನೀರನ್ನೆಲ್ಲ ಅದರ ಬುಡಕ್ಕೇ ಹುಯ್ದ. ಆಮೇಲೆ ಅವ್ವನ ಮಾತು ನೆನಪಾಯಿತು. ಬೆಲೆಬಾಳೋದು ಬಯಲಲ್ಲಿ ಇರಬಾರದು. ಗೂಟ ಕಿತ್ತು, ತೊಳೆದು, ಅವ್ವನ ಸೀರೆಗಂಟಿನೊಳಗೆ ಜೋಪಾನವಾಗಿಟ್ಟ.

ವಾರ ಬಿಟ್ಟು ಕೊರೆಯುವ ಲಾರಿ ಬಂತು, ಮೇಡಂ ಬಂದರು. ಗೂಟವಿಲ್ಲ. ಎತ್ತ ನೋಡಿದರೂ ಒಂದೇ ಥರದ ಬಯಲು.

"ಗೂಟ ಎಲ್ಲಪ್ಪ?"

"ಗಂಟಲ್ಲಿ ಐತೆ ಮೇಡಂ."

"ಎಲ್ಲಿಂದ ಕಿತ್ತೆ?"

"ನೆಲದಿಂದ."

ಲಾರಿಯವನು ಗೊಣಗಿದ. ಇನ್ನೊಂದು ಊರಿಗೆ ಹೋಗಬೇಕು, ಜಾಗ ಗೊತ್ತಿಲ್ಲದೆ ಕೊರೆಯೋದು ಹೇಗೆ, ಲಾರಿ ತಿರುಗಿಸ್ತೀನಿ ಅಂದ. ಓಬಕ್ಕ ನಿಂತಲ್ಲೇ ಕೂತುಬಿಟ್ಟಳು. ಕಣ್ಣೊರೆಸಿಕೊಂಡು ತಲೆ ಎತ್ತಿದರೆ, ಬಯಲ ನಡುವೆ ಹಟ್ಟಿಯ ಕುರಿಗಳೆಲ್ಲ ಒಂದೇ ಕಡೆ ಮುಗಿಬಿದ್ದು ನೆಲ ನೆಕ್ಕುತ್ತಿದ್ದವು. ಕುರಿ ಕಾದು ಬೆಳೆದವಳು ಅವಳು. ಹುಲ್ಲಿಲ್ಲದ ಕಡೆ ಕುರಿ ನೆಲ ನೆಕ್ಕುತ್ತದೆ ಅಂದರೆ ಅಲ್ಲಿ ಉಪ್ಪಿರಬೇಕು.

"ಮೇಡಂ, ಅಲ್ಲಿ ನೋಡಿ" ಅಂದಳು.

ಕುರಿ ಓಡಿಸಿ ನೋಡಿದರು. ನೆಕ್ಕಿ ನೆಕ್ಕಿ ಗುಳಿಯಾದ ಮಣ್ಣು, ನಡುವೆ ಗೂಟ ಕಿತ್ತ ತೂತು. ಮೇಡಂ ಗಂಟಲ್ಲಿದ್ದ ಗೂಟ ತರಿಸಿ ಇಳಿಸಿದರು, ಸರಿಯಾಗಿ ಕೂತಿತು. ಲಾರಿ ಅಲ್ಲೇ ಕೊರೆಯಿತು. ಮೊದಲು ಧೂಳು ಬಂತು, ಆಮೇಲೆ ಕೆಸರು, ಆಮೇಲೆ ನೀರು. ಸಿಹಿನೀರು.

ಕೈಪಂಪು ಕೂರಿಸಿದ ದಿನ ಓಬಕ್ಕ ಮೊದಲ ಕೊಡ ತುಂಬಿ ಮನೆಗೆ ತಂದಳು. ದೇವರಿಗೆ ಅಂತ ಪಕ್ಕಕ್ಕಿಟ್ಟು, ಜಗಲಿ ಮೇಲೆ ಕಾಲು ಚಾಚಿ ಕೂತಳು. ಎಷ್ಟು ವರ್ಷಕ್ಕೆ ಹಾಗೆ ಕೂತಿದ್ದಳೋ. ಪಾಲಯ್ಯ ಅವ್ವನ ಹಿಮ್ಮಡಿ ನೋಡಿದ. ಒಣಗಿದೆ. ಬಿರಿದಿದೆ.

ಎದ್ದು ಹೋದ. ದೇವರ ಕೊಡಕ್ಕೆ ಉಪ್ಪು ಸುರಿದು ಕಲಕಿ ತಂದು, ಅವ್ವನ ಕಾಲ ಮೇಲೆ ಕೊಡಕ್ಕೆ ಕೊಡವೇ ಹುಯ್ದ.

ಚುರ್ರೆಂದಿತು. ಓಬಕ್ಕ ಬೈಯಲು ಬಾಯಿ ತೆರೆದಳು. ಮಗ ಕುಕ್ಕರಗಾಲಲ್ಲಿ ಕೂತು, ಮೇಡಂ ಪೆಟ್ಟಿಗೆ ನೋಡುತ್ತಿದ್ದ ಹಾಗೆ ಅವಳ ಮುಖ ನೋಡುತ್ತಿದ್ದ.

"ಈಗ ಹರೀತಾ ಅವ್ವಾ, ಕರೆಂಟು?"

ಹೆತ್ತವರಿಗೆ ಹೆಗ್ಗಣ ಮುದ್ದು ಅಂತಾರೆ. ಓಬಕ್ಕ ಅವನ ತಲೆ ಎಳೆದು ಮಡಿಲಿಗೆ ಒರಗಿಸಿಕೊಂಡಳು.

"ಹರೀತು ಕಣಪ್ಪ," ಅಂದಳು. "ನೆತ್ತೀವರೆಗೂ ಹರೀತು."