ಖರ್ಸು ಮರ ಹತ್ತಿದ ಪಂಡಿತ

"ಗುರುಗಳೇ, ಒಂದನ್ನು ತಿಳಿದೆವು ಎಂದು ಯಾವಾಗ ಹೇಳಬಹುದು?" ಎಂದು ಗುರುಪಾದಯ್ಯ ಕೇಳಿದ. ಅವನು ಮಠಕ್ಕೆ ಬಂದು ಆರು ವರ್ಷವಾಗಿತ್ತು. ಓದಬೇಕಾದುದನ್ನೆಲ್ಲ ಓದಿ ಮುಗಿಸಿದ್ದ.

ಗುರುಗಳು ತಾರುಣ್ಯದಲ್ಲಿ ಕೇದಾರದವರೆಗೆ ನಡೆದು ಹೋಗಿ ಬಂದವರು. ಆ ದಾರಿಯಲ್ಲಿ ಕೇಳಿದ ಒಂದು ಸಂಗತಿಯನ್ನು ಹೇಳಿದರು.

ಹಿಮಾಲಯದ ಒಂದು ಸೀಮೆಯಲ್ಲಿ ಒಬ್ಬ ಪಂಡಿತನಿದ್ದ. ಗಿಡಮರಗಳನ್ನು ಗುರುತಿಸುವುದರಲ್ಲಿ ಅಲ್ಲಿ ಅವನಿಗೆ ಸಮನಾದವರಿರಲಿಲ್ಲ. ಕಣ್ಣು ಕಟ್ಟಿ ಒಂದು ಎಲೆಯನ್ನು ಕೈಗೆ ಕೊಟ್ಟರೆ ಸವರಿ ನೋಡಿಯೇ ಹೆಸರು ಹೇಳುತ್ತಿದ್ದ. ಅರಸ ಅವನಿಗೆ ಶಾಲು ಹೊದಿಸಿ ಆಸ್ಥಾನದಲ್ಲಿ ಇಟ್ಟುಕೊಂಡಿದ್ದ.

ಒಮ್ಮೆ ಅರಸನಿಗೆ ತನ್ನ ಕುದುರೆಗಳಿಗಾಗಿ ಮೇಲಿನ ಕಾಡಿನಲ್ಲಿ ಹುಲ್ಲುಗಾವಲು ಬೇಕಾಯಿತು. ಪಂಡಿತನನ್ನು ಕರೆದು, "ಯಾವುದು ಉಳಿಯಬೇಕು, ಯಾವುದು ಹೋಗಬೇಕು, ನೋಡಿ ಬರೆದು ಕೊಡು" ಎಂದ.

ಪಂಡಿತ ಕಾಡಿಗೆ ಹೋದ. ಅಲ್ಲಿ ಇಬ್ಬರು ತಬ್ಬಿದರೂ ಕೈ ಕೂಡದಷ್ಟು ದಪ್ಪದ ಮರಗಳಿದ್ದವು. ಆ ಜನ ಅವನ್ನು ಖರ್ಸು ಎನ್ನುತ್ತಾರೆ. ಓಕ್ ಜಾತಿಯ ಮರ, ಆ ಬೆಟ್ಟದಲ್ಲೇ ಹುಟ್ಟಿದ್ದು. ಕೆಳಗಿನ ಕೊಂಬೆಗಳನ್ನು ದನದ ಮೇವಿಗೆಂದು ಕಡಿದಿದ್ದರು. ಪಂಡಿತ ನೆಲಕ್ಕೆ ಬಿದ್ದಿದ್ದ ಒಂದು ಎಲೆಯನ್ನು ಎತ್ತಿಕೊಂಡು ನೋಡಿದ. ಅಂಚು ನುಣುಪಾಗಿತ್ತು. ಮರಗಳ ನಡುವೆ ಮೊಣಕಾಲೆತ್ತರದ ಪೊದೆಗಳಿದ್ದವು. ಅವುಗಳ ಎಲೆಯ ಅಂಚಿಗೆಲ್ಲ ಮುಳ್ಳು. ಪಂಡಿತ ಹೀಗೆ ಬರೆದ: ನುಣುಪೆಲೆಯ ಮರ ಒಂದು ಜಾತಿ, ಅದು ಉಳಿಯಲಿ. ಮುಳ್ಳೆಲೆಯ ಪೊದೆ ಇನ್ನೊಂದು ಜಾತಿ, ಅದರಿಂದ ಕುದುರೆಗಳ ಬಾಯಿಗೆ ಗಾಯವಾಗುತ್ತದೆ, ಅದು ಹೋಗಲಿ.

ಹನ್ನೆರಡು ಮಂದಿ ಕೊಡಲಿಯವರು ಬಂದರು. ಒಂಬತ್ತು ದಿನಗಳಲ್ಲಿ ಒಂದು ಇಳಿಜಾರಿನ ಪೊದೆಗಳನ್ನೆಲ್ಲ ಕಡಿದು, ಬೇರನ್ನೂ ಕಿತ್ತು ಹಾಕಿದರು. ಹತ್ತನೆಯ ದಿನ ಮಳೆ ಹಿಡಿಯಿತು. ಕೆಲಸ ನೋಡಲು ಪಂಡಿತ ಬಂದ. ಕಡಿದ ಇಳಿಜಾರಿನಲ್ಲಿ ದನ ಕಾಯುವ ಮುದುಕಿಯೊಬ್ಬಳು ಕೂತಿದ್ದಳು. ಅವಳು ಹೆಬ್ಬೆರಳಿನ ದಪ್ಪದ ಒಂದು ತುಂಡನ್ನು ಅವನ ಕೈಗೆ ಕೊಟ್ಟಳು.

"ಇದಕ್ಕೆ ಎಷ್ಟು ವರ್ಷ, ಹೇಳಿ ಪಂಡಿತರೇ."

"ನಾಲ್ಕು. ಹೆಚ್ಚೆಂದರೆ ಐದು."

"ಎಣಿಸಿ ನೋಡಿ."

ಪಂಡಿತ ಕಡಿದ ಜಾಗವನ್ನು ಒರೆಸಿ ಉಂಗುರಗಳನ್ನು ಎಣಿಸಿದ. ನಲವತ್ತೊಂದರವರೆಗೆ ಎಣಿಸಿದ. ಆಮೇಲೆ ಅವು ಕೂದಲಿಗಿಂತ ಸಣ್ಣವಾಗಿ ಕಣ್ಣಿಗೆ ಸಿಗಲಿಲ್ಲ.

"ಚಿಗುರಿದಾಗಲೆಲ್ಲ ನಮ್ಮ ದನಗಳು ತಿಂದವು" ಎಂದಳು ಮುದುಕಿ. "ಅದು ಕಾದುಕೊಂಡಿತ್ತು. ಎರಡು ವರ್ಷ ದನ ಈ ಕಡೆ ಬರದಿದ್ದರೆ ಸಾಕು, ತಲೆ ಎತ್ತುತ್ತದೆ. ದನದ ಬಾಯಿಗೆ ಎಟುಕದಷ್ಟು ಮೇಲೆ ಹೋದ ಮೇಲೆ ಅದನ್ನು ಹಿಡಿಯುವವರಿಲ್ಲ."

"ತಲೆ ಎತ್ತಿ ಏನಾಗುತ್ತದೆ?"

ಅವಳು ಎದುರಿಗಿದ್ದ ದೊಡ್ಡ ಖರ್ಸು ಮರವನ್ನು ತೋರಿಸಿದಳು. "ಹತ್ತಿ ನೋಡಿ."

ಪಂಡಿತ ಶಾಲನ್ನು ತೆಗೆದಿಟ್ಟು ಮರ ಹತ್ತಿದ. ಅವನಿಗೆ ಐವತ್ತು ದಾಟಿತ್ತು, ತೊಗಟೆ ಒದ್ದೆಯಾಗಿತ್ತು. ಮೊದಲ ಕವಲಿನಲ್ಲಿ, ಕಡಿದ ಕೊಂಬೆಯ ಬುಡದಲ್ಲಿ ಹೊಸ ಚಿಗುರು ಒಡೆದಿತ್ತು. ಕೈ ಇಟ್ಟ ಕೂಡಲೇ ಮುಳ್ಳು ಚುಚ್ಚಿತು. ಪೊದೆಯ ಎಲೆಯೇ ಅದು. ಇನ್ನೂ ಮೇಲೆ ಒಂದೇ ಕಡ್ಡಿಯಲ್ಲಿ ಕೆಳಗಿನ ಎಲೆಗೆ ಮುಳ್ಳಿತ್ತು, ತುದಿಯ ಎಲೆಗೆ ಇರಲಿಲ್ಲ. ನಡುವಿನ ಎಲೆಗೆ ಒಂದು ಕಡೆ ಮಾತ್ರ ಇತ್ತು. ಅವನು ಒಂದೊಂದನ್ನೂ ತಿರುಗಿಸಿ ನೋಡಿದ. ಎಲ್ಲದರ ಬೆನ್ನಿನಲ್ಲೂ ಅದೇ ಕಂದು ಬಣ್ಣದ ನವಿರು. ತುದಿಗೆ ಹೋದಾಗ ಎಲ್ಲ ಎಲೆಗಳೂ ನುಣುಪಾಗಿದ್ದವು.

ಅಲ್ಲಿ ಕಾಯಿಗಳಿದ್ದವು. ಒಂದೊಂದು ಕಾಯಿಯ ತುದಿಯೂ ಬಿರಿದು ಬಿಳಿಯ ಬೇರು ಹೊರಗೆ ಬಂದಿತ್ತು. ಬೀಜಗಳು ಇನ್ನೂ ಕೊಂಬೆಯಲ್ಲಿದ್ದವು, ಮಣ್ಣನ್ನು ಮುಟ್ಟಿರಲಿಲ್ಲ, ಆಗಲೇ ಬೇರು ಬಿಟ್ಟಿದ್ದವು.

ಪಂಡಿತ ಕೊಂಬೆಯ ಮೇಲೆ ಕೂತ. ಎಷ್ಟೋ ಕಾಲ ದನದ ಬಾಯಿಗೆ ಸಿಕ್ಕಿ, ಕಾದು, ಎದ್ದು ನಿಂತ ಒಂದು ಪೊದೆಯ ಮೇಲೆ ತಾನು ಕೂತಿದ್ದೇನೆ ಎಂದು ಅವನಿಗೆ ಹೊಳೆಯಿತು. ಅಲ್ಲಿಂದ ಬೋಳು ಇಳಿಜಾರು ಪೂರ್ತಿ ಕಾಣುತ್ತಿತ್ತು. ಅವನು ಕೈಮುಗಿದ. ಮಳೆ ನಿಲ್ಲುವವರೆಗೂ ಇಳಿಯಲಿಲ್ಲ.

ಇಳಿದು ಬಂದು, "ತಾಯಿ, ಇದನ್ನು ನನಗೆ ಮೊದಲೇ ಯಾಕೆ ಹೇಳಲಿಲ್ಲ?" ಎಂದ.

"ಮೊದಲ ದಿನವೇ ಹೇಳಿದೆ. ನೀವು ಬರೆಯುತ್ತಿದ್ದಿರಿ" ಎಂದಳು ಮುದುಕಿ.

ಪಂಡಿತ ಕೊಡಲಿಯವರನ್ನು ಅಲ್ಲಿಗೇ ನಿಲ್ಲಿಸಿದ. ಅರಸನ ಎದುರು ಹೋಗಿ, ತಾನು ಬರೆದದ್ದು ತಪ್ಪು, ಖರ್ಸು ಮರದ ಮಕ್ಕಳನ್ನೇ ಬೇರೆ ಜಾತಿ ಎಂದು ಕಡಿಸಿದೆ ಎಂದು ಸಭೆಯಲ್ಲೇ ಹೇಳಿದ. ಸಭೆಯವರು ನಕ್ಕರು. ಅರಸ ಸಿಟ್ಟಾಗಿ ಶಾಲನ್ನೂ ಆಸ್ಥಾನದ ಜಾಗವನ್ನೂ ಕಿತ್ತುಕೊಂಡ. ಆದರೆ ಉಳಿದ ಕಾಡಿಗೆ ಕೊಡಲಿ ಹೋಗಲಿಲ್ಲ. ಕಡಿದ ಇಳಿಜಾರನ್ನು ಕಾಯುವ ಕೆಲಸ ತನಗೆ ಇರಲಿ ಎಂದು ಪಂಡಿತ ಕೇಳಿದ. ಅದನ್ನು ಬೇರೆ ಯಾರೂ ಕೇಳುವವರಿರಲಿಲ್ಲ, ಅವನಿಗೇ ಸಿಕ್ಕಿತು.

ಆ ಬೀಜ ಬಿದ್ದ ಕೆಲವೇ ದಿನಗಳಲ್ಲಿ ಮಣ್ಣು ಸಿಗದಿದ್ದರೆ ಒಣಗಿಹೋಗುತ್ತದೆ. ಆ ಮಳೆಗಾಲವೆಲ್ಲ ಅವನೂ ಮುದುಕಿಯೂ ಬೀಜ ಹೆಕ್ಕಿ ನೆಟ್ಟರು. ಸುತ್ತ ಕಲ್ಲಿನ ಗೋಡೆ ಕಟ್ಟಿದರು. ಕೆಲವು ವರ್ಷಗಳಲ್ಲಿ ಮುದುಕಿ ತೀರಿಹೋದಳು. ಪಂಡಿತ ಅಲ್ಲೇ ಗುಡಿಸಲು ಹಾಕಿಕೊಂಡು ಇಪ್ಪತ್ತು ವರ್ಷ ಬದುಕಿದ. ಬೀಜದಿಂದ ಎದ್ದ ಗಿಡಗಳು ನಿಧಾನವಾಗಿ ಬೆಳೆದು ಅವನ ಸೊಂಟದವರೆಗೆ ಮಾತ್ರ ಬಂದವು.

ಗುರುಗಳು ಮಾತು ನಿಲ್ಲಿಸಿದರು. ಗುರುಪಾದಯ್ಯ, "ಆ ಗಿಡಗಳು ನುಣುಪೆಲೆ ಬಿಟ್ಟದ್ದನ್ನು ಅವನು ನೋಡಿದನೇ?" ಎಂದು ಕೇಳಿದ.

ಗುರುಗಳು ಹೇಳಿದರು: "ಇಲ್ಲಪ್ಪ, ಕೊನೆಯ ದಿನದವರೆಗೂ ಅವನ ಕೈಗೆ ಚುಚ್ಚಿದ್ದು ಮುಳ್ಳೇ, ಆದರೆ ಯಾರು ಬಂದು ಕೇಳಿದರೂ ಅವನು ಅದನ್ನು ತೋರಿಸಿ ದೊಡ್ಡ ಮರ ಎಂದೇ ಹೇಳುತ್ತಿದ್ದ."