ಜೊಂಡಿನ ಹಾಡು ಕಲಿತ ಬಂಡೆಯ ಹಕ್ಕಿ

ಹಿಮದ ಬೆಟ್ಟಗಳ ಕಣಿವೆಯಲ್ಲಿ, ಹೊಳೆಯ ದಂಡೆಯ ಮೇಲೆ ಗುರು ನಿರ್ವಾಣಯ್ಯನವರ ಆಶ್ರಮವಿತ್ತು. ಅಲ್ಲಿ ಅವರ ಜೊತೆಗಿದ್ದವನು ಶಿಷ್ಯ ಪಂಪಣ್ಣ ಒಬ್ಬನೇ.

ಪಂಪಣ್ಣ ಬಿಸಿಲುನಾಡಿನವನು. ತಂದೆ ತಾಯಿ ಇಲ್ಲದ ಅವನನ್ನು ಐದನೆಯ ವರ್ಷಕ್ಕೆ ಯಾತ್ರಿಕರು ಇಲ್ಲಿ ತಂದು ಬಿಟ್ಟಿದ್ದರು. ಈಗ ಮೂವತ್ತು ದಾಟಿತ್ತು. ಆದರೂ ಚಳಿ ಬಿದ್ದರೆ ಅವನ ಹಿಮ್ಮಡಿ ಒಡೆದು ರಕ್ತ ಬರುತ್ತಿತ್ತು. ಕಣಿವೆಯ ಜನರ ಮಾತನ್ನೇ ಆಡುತ್ತಿದ್ದ. ಅವರು ಮಾತ್ರ ಅವನನ್ನು ‘ಕೆಳಗಿನವನು’ ಎಂದೇ ಕರೆಯುತ್ತಿದ್ದರು.

ಪ್ರತಿ ವಸಂತದಲ್ಲೂ ದಕ್ಷಿಣದಿಂದ ಪುಟ್ಟ ಹಾಡುಹಕ್ಕಿಗಳು ಅಲ್ಲಿಗೆ ಬರುತ್ತಿದ್ದವು. ಕೆಲವು ಹೊಳೆಯ ಜೊಂಡಿನಲ್ಲಿ ಗೂಡು ಕಟ್ಟುತ್ತಿದ್ದವು, ಕೆಲವು ಮೇಲಿನ ಬಂಡೆಗಳ ಸಂದಿಯಲ್ಲಿ.

“ಎರಡೂ ಒಂದೇ ಜಾತಿಯ ಹಕ್ಕಿ ತಾನೇ, ಗುರುಗಳೇ?”

“ಒಂದೇ. ಆದರೆ ಬಂಡೆಯವುಗಳ ಕೊಕ್ಕು ಮೋಟು, ಬಣ್ಣ ಮಾಸಲು. ಜೊಂಡಿನವುಗಳ ಕೊಕ್ಕು ಸಪೂರ, ಮೈ ಹಸಿರು.”

“ಯಾಕೆ ಹಾಗೆ?”

“ಆಯಾ ಜಾಗಕ್ಕೆ ಒಗ್ಗಿದವು ಬದುಕಿ ಮರಿ ಮಾಡಿದವು. ಒಗ್ಗದವು ಉಳಿಯಲಿಲ್ಲ. ಎಷ್ಟೋ ತಲೆಮಾರು ಹೀಗೇ ನಡೆಯಿತು. ಈಗ ಆ ಜಾಗ ಮೊಟ್ಟೆಯೊಳಗೇ ಇದೆ.”

ಪಂಪಣ್ಣನಿಗೆ ಆ ಮಾತು ಹಿಡಿಸಲಿಲ್ಲ.

ಮರುದಿನ ಬಂಡೆಯ ಗೂಡಿನಿಂದ ಒಂದು ಮೊಟ್ಟೆ ತಂದು, ಯಾರಿಗೂ ಹೇಳದೆ ಜೊಂಡಿನ ಗೂಡಿನಲ್ಲಿಟ್ಟ.

ಮೊಟ್ಟೆ ಒಡೆಯಿತು. ಜೊಂಡಿನ ತಾಯಿಹಕ್ಕಿ ಆ ಮಾಸಲು ಮರಿಗೂ ಗುಟುಕು ಕೊಟ್ಟಿತು. ಚಳಿ ಶುರುವಾಗುವ ಮೊದಲು ಅದೂ ಉಳಿದವುಗಳ ಜೊತೆ ದಕ್ಷಿಣಕ್ಕೆ ಹಾರಿತು. ಆ ಚಳಿಗಾಲ ಪಂಪಣ್ಣನಿಗೆ ಹಿಮ್ಮಡಿಯ ನೋವು ಅಷ್ಟಾಗಿ ತಿಳಿಯಲಿಲ್ಲ.

ಮುಂದಿನ ವಸಂತಕ್ಕೆ ಅದು ಮರಳಿ ಜೊಂಡಿಗೇ ಬಂತು. ಮಾಸಲು ಮೈ ನೋಡಿ ಅವನು ಗುರುತು ಹಿಡಿದ.

ಅದರ ಮೋಟು ಕೊಕ್ಕಿಗೆ ದಂಟಿನೊಳಗಿನ ಹುಳು ಸಿಗಲಿಲ್ಲ. ಹಸಿರಿನಲ್ಲಿ ಎದ್ದು ಕಾಣುತ್ತಿದ್ದ ಅದನ್ನು ಗಿಡುಗ ಎರಡು ಸಲ ಅಟ್ಟಿತು. ನಾಲ್ಕನೆಯ ದಿನ ಅದು ಬಂಡೆಗಳತ್ತ ಹಾರಿತು.

ಅಲ್ಲಿ ಹೊಟ್ಟೆ ತುಂಬಿತು. ಒಂದು ಕಲ್ಲಿನ ಮೇಲೆ ಕುಳಿತು ಹಾಡಿತು. ಅದಕ್ಕೆ ಬರುತ್ತಿದ್ದುದು ಸಾಕಿದವರ ಹಾಡು, ಜೊಂಡಿನದು. ಬಂಡೆಯ ಹಕ್ಕಿಗಳಲ್ಲಿ ಒಂದೂ ಓಗೊಡಲಿಲ್ಲ. ಒಂದು ಹೆಣ್ಣೂ ಹತ್ತಿರ ಸುಳಿಯಲಿಲ್ಲ. ಸುತ್ತ ಎಲ್ಲವೂ ಜೋಡಿಯಾಗಿ ಗೂಡು ಕಟ್ಟಿದವು. ಅದು ಹಾಡುತ್ತಲೇ ಇತ್ತು.

ಹದಿನೈದು ದಿನ ಕೇಳಿಸಿಕೊಂಡು ಪಂಪಣ್ಣ ಗುರುಗಳ ಬಳಿ ಬಂದ. ಅವರು ಕಾಳು ಕೇರುತ್ತಿದ್ದರು.

“ಆ ಮೊಟ್ಟೆ ಇಟ್ಟವನು ನಾನೇ.”

“ಗೊತ್ತು.”

“ಗೊತ್ತಿದ್ದೂ ಸುಮ್ಮನಿದ್ದಿರಾ?”

“ನಾನು ನೋಡುವ ಹೊತ್ತಿಗೆ ತಾಯಿ ಅದರ ಮೇಲೆ ಕೂತಾಗಿತ್ತು.”

ಪಂಪಣ್ಣ ತಲೆ ತಗ್ಗಿಸಿದ. “ಅದು ಜೊಂಡಿನ ಹಕ್ಕಿಯಾದರೆ, ನಾನೂ ಇಲ್ಲಿಯವನೇ ಅಂದುಕೊಳ್ಳಬಹುದು ಅನ್ನಿಸಿತ್ತು.”

ಗುರುಗಳು ಮೊರ ಕೆಳಗಿಟ್ಟರು.

“ಅದನ್ನು ಹಿಡಿದು ತಿರುಗಿ ಜೊಂಡಿಗೆ ತರಲೇ?” ಎಂದು ಪಂಪಣ್ಣ ಕೇಳಿದ.

“ಅಲ್ಲಿ ಉಪವಾಸ ಬೀಳುತ್ತದೆ.”

“ಬಂಡೆಯವರ ಹಾಡನ್ನು ಇನ್ನು ಕಲಿಯಲಾರದೇ?”

“ಕಲಿಯುವ ಕಾಲ ದಾಟಿತು.”

“ಹಾಗಾದರೆ ನಾನೇನು ಮಾಡಲಿ, ಗುರುಗಳೇ?”

ನಿರ್ವಾಣಯ್ಯನವರು ತಮ್ಮ ಕಂಬಳಿಯನ್ನು ತೆಗೆದು ಅವನಿಗೆ ಹೊದಿಸಿದರು.

“ಮೇಲೆ ಬಂಡೆಗಳ ಹತ್ತಿರ ಹೋಗಿ ಕೂತುಕೋ. ಆ ಹಾಡು ಗೊತ್ತಿರುವವನು ಅಲ್ಲಿ ಒಬ್ಬನಾದರೂ ಇರಲಿ.”