ಇಪ್ಪತ್ತೊಂದು ತುಂಬಿದವರು

“ಭಯ ಆದ್ರೆ ಕೈ ಕಟ್ಕೊಂಡು ನಿಂತ್ಕೊಳ್ಳಿ, ನಡುಕ ಕಾಣಾಕಿಲ್ಲ.” ಪುಟ್ಟತಾಯಮ್ಮ ಗಂಡನಿಗೆ ಕೊನೆಯದಾಗಿ ಹೇಳಿದ ಮಾತು ಇದು. ಅವಳು ತೀರಿಕೊಂಡು ತಿಂಗಳಾಗಿತ್ತು. ಗಂಡ ಚಿಕ್ಕೀರಯ್ಯ ಬೆಂಗಳೂರಿನ ಒಂದು ಪಬ್ಬಿನ ಬಾಗಿಲು ಕಾಯುತ್ತಾ ಕೈ ಕಟ್ಟಿಯೇ ನಿಂತಿದ್ದ. ಎದುರಿಗೆ ಶಾಸಕರೊಬ್ಬರ ಭಾವಮೈದ, ಬೆಂಗಳೂರು ನೋಡಲು ಬಂದವನು; ಅವನ ಹಿಂದೆ ನಾಲ್ಕು ಜನ ಕಟ್ಟಾಳುಗಳು.

ಇಪ್ಪತ್ತೊಂದು ತುಂಬದವರಿಗೆ ಅಲ್ಲಿ ಪ್ರವೇಶವಿಲ್ಲ. ಯಾರೇ ಬರಲಿ, ಆಧಾರ್ ಕಾರ್ಡು ನೋಡಲೇಬೇಕು. ನೋಡದೆ ಬಿಟ್ಟರೆ, ಕ್ಯಾಮೆರಾದಲ್ಲಿ ಕಣ್ಣಿಟ್ಟಿರುವ ಮಾಲೀಕ ಕೆಲಸದಿಂದ ತೆಗೆಯುತ್ತಾನೆ. ತಡೆದರೆ ಇಂಥವರು ಹಲ್ಲು ಉದುರಿಸುತ್ತಾರೆ. ಹಿಂದಿನ ಕಾವಲುಗಾರನಿಗೆ ಹಾಗೇ ಆಗಿತ್ತು.

“ನನ್ನನ್ನೇ ಕಾರ್ಡು ಕೇಳ್ತೀಯೇನೋ? ನಾನ್ಯಾರು ಗೊತ್ತಾ?” ಭಾವಮೈದ ಗದರಿದ.

ಆಗ ಅವನ ಮೀಸೆ ಚಿಕ್ಕೀರಯ್ಯನ ಕಣ್ಣಿಗೆ ಬಿತ್ತು. ಕಡುಗಪ್ಪು ಬಣ್ಣ, ಅವತ್ತೇ ಹಚ್ಚಿದ್ದು, ತುಟಿಗೂ ತಾಗಿತ್ತು.

“ನೀವ್ಯಾರು ಅಂತ ಗೊತ್ತು ಬುದ್ಧಿ. ವಯಸ್ಸೇ ಗೊತ್ತಾಗ್ತಿಲ್ಲ. ಮುಖ ನೋಡಿದ್ರೆ ಇಪ್ಪತ್ತೊಂದು ತುಂಬ್ದಂಗೆ ಕಾಣಲ್ಲ.”

ಕಟ್ಟಾಳುಗಳು ಉಸಿರು ಬಿಗಿಹಿಡಿದರು. ಭಾವಮೈದ ಮೀಸೆ ತೀಡಿಕೊಂಡು ಹಿಂದೆ ತಿರುಗಿದ. “ಕೇಳಿಸ್ತೇನ್ರೋ?” ಅಂದ. ತಾನೇ ಕಾರ್ಡು ತೆಗೆದು ತೋರಿಸಿದ. ಹುಟ್ಟಿದ ವರ್ಷವನ್ನು ಮಾತ್ರ ಹೆಬ್ಬೆರಳಿನಿಂದ ಮುಚ್ಚಿದ್ದ.

“ತುಂಬಿದೆ ಕಣಯ್ಯ. ಹೋದ ತಿಂಗಳಷ್ಟೇ!”

ಬಾಗಿಲು ತೆರೆದು ಒಳಗೆ ಬಿಟ್ಟ ಚಿಕ್ಕೀರಯ್ಯನಿಗೆ ಆಗ ನಗಲು ಧೈರ್ಯ ಬರಲಿಲ್ಲ. ಮಾರನೇ ಬೆಳಗ್ಗೆ ಬೀದಿ ನಲ್ಲಿಯ ಹತ್ತಿರ ಮುಖ ತೊಳೆಯುವಾಗ, ಅವನು ಒಬ್ಬನೇ ಗಟ್ಟಿಯಾಗಿ ನಕ್ಕುಬಿಟ್ಟ.